ನಿಮ್ಮ ಬೀದಿಯಲ್ಲೇ ಒಂದು ಬಾವಲಿ ಸಂಜೆ: ಮಾಡೋದು ಹೇಗೆ?

ನಾನು ಮೊದಲ ಸಲ ಬಾವಲಿ ಬಗ್ಗೆ ಕಾರ್ಯಕ್ರಮ ಮಾಡಿದ್ದು ಒಂದು ಸಮುದಾಯ ಭವನದಲ್ಲಿ. ಪ್ರೊಜೆಕ್ಟರ್ ಇತ್ತು, ಅರವತ್ತು ಚಿಲ್ಲರೆ ಸ್ಲೈಡ್ ಇದ್ದವು, ನಲವತ್ತು ಜನ ಬಂದಿದ್ದರು. ಪರಾಗಸ್ಪರ್ಶ, ಬೀಜ ಹರಡುವುದು, ಕೀಟ ತಿನ್ನುವುದು, ಒಂದನ್ನೂ ಬಿಡದೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಮುಗಿಸಿ ಹೊರಗೆ ಬಂದಾಗ ಏಳೂವರೆ. ಎದುರಿಗೇ ಇದ್ದ ಆಲದ ಮರದಿಂದ ಬಾವಲಿಗಳು ಹೊರಟುಹೋಗಿ ಮುಕ್ಕಾಲು ಗಂಟೆ ಆಗಿತ್ತು. ಟೀ ಕುಡಿಯುತ್ತ ಒಬ್ಬರು ಹತ್ತಿರ ಬಂದು ಕೇಳಿದರು: "ಎಲ್ಲಾ ಸರಿ ಸಾರ್, ಈ ಮರದಿಂದ ಇವನ್ನ ಓಡಿಸೋಕೆ ಏನು ಮಾಡಬೇಕು?"

ಅವತ್ತೇ ಸ್ಲೈಡ್ ಬಿಟ್ಟೆ. ಈಗ ಮಾಡುವುದೆಲ್ಲ ಬಯಲಲ್ಲಿ, ಮರದ ಕೆಳಗೆ, ಕೆರೆ ಏರಿ ಮೇಲೆ. ಮಾತು ಕಡಿಮೆ, ನೋಡುವುದು ಜಾಸ್ತಿ. ಶಾಲೆಯ ಇಕೋ ಕ್ಲಬ್ಬಿನವರು, ಕೆರೆ ಸಮಿತಿಯವರು, ಅಪಾರ್ಟ್‌ಮೆಂಟ್ ಸಂಘದವರು ಯಾರು ಬೇಕಾದರೂ ಮಾಡಬಹುದು. ಪ್ರಾಣಿಶಾಸ್ತ್ರ ಓದಿರಬೇಕಿಲ್ಲ.

ಮೊದಲು ಜಾಗ ಹುಡುಕಿ

ಬಾವಲಿ ಅಂದ ಕೂಡಲೇ ಎಲ್ಲರಿಗೂ ಗುಹೆ ನೆನಪಾಗುತ್ತದೆ. ಗುಹೆಗೆ ಮಾತ್ರ ಜನರನ್ನು ಕರೆದುಕೊಂಡು ಹೋಗಬೇಡಿ. ಒಳಗೆ ಹಿಕ್ಕೆಯ ದೂಳು ಇರುತ್ತದೆ, ಅದರಲ್ಲಿ ಬೆಳೆಯುವ ಶಿಲೀಂಧ್ರ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಲಗಿರುವ, ಮರಿ ಅಪ್ಪಿಕೊಂಡಿರುವ ಬಾವಲಿಗಳಿಗೆ ಇಪ್ಪತ್ತು ಜನರ ಟಾರ್ಚ್ ಬೆಳಕು ದೊಡ್ಡ ಹಿಂಸೆ. ಹಳೇ ಗುಡಿ, ಕೋಟೆಗಳೂ ಅಷ್ಟು ಅನುಕೂಲವಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳು ಸಾಮಾನ್ಯವಾಗಿ ಹೊತ್ತು ಮುಳುಗುವಾಗಲೇ ಬಾಗಿಲು ಹಾಕುತ್ತವೆ.

ನನ್ನ ಇಷ್ಟದ ಜಾಗ ಗಸಗಸೆ ಹಣ್ಣಿನ ಮರ. ಶಾಲೆ ಕಾಂಪೌಂಡಿನ ಪಕ್ಕ, ಆಟೋ ಸ್ಟ್ಯಾಂಡಿನ ನೆರಳಿಗೆ, ಖಾಲಿ ಸೈಟಿನ ಮೂಲೆಯಲ್ಲಿ ಇದ್ದೇ ಇರುತ್ತದೆ. ಹಗಲು ಮಕ್ಕಳು ಆ ಕೆಂಪು ಹಣ್ಣು ಕಿತ್ತು ತಿನ್ನುತ್ತಾರೆ. ಕತ್ತಲಾದ ಮೇಲೆ ಅದೇ ಮರಕ್ಕೆ ಚಿಕ್ಕ ಮೂತಿಯ ಹಣ್ಣು ಬಾವಲಿಗಳು ಬರುತ್ತವೆ. ಎಲೆಗಳ ನಡುವೆ ಫಟ್ ಅಂತ ಬಂದು, ಹಣ್ಣು ಕಚ್ಚಿಕೊಂಡು, ಬೇರೆ ಕಡೆ ಹೋಗಿ ಕೂತು ತಿನ್ನುತ್ತವೆ. ಕೆಳಗೆ ನಿಂತರೆ ರೆಕ್ಕೆಯ ಗಾಳಿ ಮುಖಕ್ಕೆ ತಾಗುವಷ್ಟು ಹತ್ತಿರ.

ಎರಡನೆಯದು ಕೆರೆ ದಡ. ಹುಳು ತಿನ್ನುವ ಸಣ್ಣ ಬಾವಲಿಗಳು ನೀರಿನ ಮೇಲೆ ಸುತ್ತು ಹಾಕುತ್ತವೆ. ಮೂರನೆಯದು ದೊಡ್ಡ ಬಾವಲಿಗಳು ಹಗಲೆಲ್ಲ ಜೋತುಬಿದ್ದಿರುವ ಆಲ, ಅರಳಿ, ನೀಲಗಿರಿ ಮರ. ಮೈಸೂರು ಕಡೆಯವರಾದರೆ ಹಗಲು ಹೊತ್ತು ರಂಗನತಿಟ್ಟಿಗೆ ಹೋಗಿ. ಜನ ಬಣ್ಣದ ಕೊಕ್ಕರೆ, ಮೊಸಳೆ ನೋಡಲು ದೋಣಿ ಹತ್ತುತ್ತಾರೆ. ದ್ವೀಪದ ಮರಗಳಲ್ಲಿ ಸಾಲಾಗಿ ನೇತಾಡುವ ಬಾವಲಿಗಳನ್ನು ಪುಕ್ಕಟೆಯಾಗಿ ನೋಡಿಕೊಂಡು ಬರುತ್ತಾರೆ.

ಕಾರ್ಯಕ್ರಮಕ್ಕೆ ಮೊದಲು ಎರಡು ಸಂಜೆ ನೀವೊಬ್ಬರೇ ಹೋಗಿ ನಿಂತು ನೋಡಿ. ಯಾವ ದಿಕ್ಕಿನಿಂದ ಬರುತ್ತವೆ, ಎಷ್ಟು ಗಂಟೆಗೆ ಬರುತ್ತವೆ, ಬೀದಿದೀಪ ಕಣ್ಣಿಗೆ ಹೊಡೆಯುತ್ತದಾ, ನಾಯಿಗಳ ಕಾಟ ಇದೆಯಾ, ಕಾಲಡಿ ಚರಂಡಿ ಇದೆಯಾ ಅಂತ ಬರೆದುಕೊಳ್ಳಿ. ಬೆಳಿಗ್ಗೆ ಹೋಗಿ ಮರದ ಕೆಳಗೂ ನೋಡಿ. ಜಗಿದು ಉಗುಳಿದ ನಾರಿನ ಉಂಡೆ, ಅರ್ಧ ತಿಂದ ಹಣ್ಣು, ಬೀಜ ಬಿದ್ದಿದ್ದರೆ ಮರ ಸರಿಯಾದದ್ದೇ.

ಒಪ್ಪಿಗೆ ಕೇಳುವುದನ್ನು ಮರೆಯಬೇಡಿ. ಗುಡಿ ಮುಂದಿನ ಮರ ಆದರೆ ಪೂಜಾರರಿಗೆ, ತೋಟ ಆದರೆ ಯಜಮಾನರಿಗೆ, ಅಭಯಾರಣ್ಯ ಆದರೆ ಅರಣ್ಯ ಇಲಾಖೆಗೆ. ಕತ್ತಲಲ್ಲಿ ಇಪ್ಪತ್ತು ಜನ ಮರದ ಕಡೆ ಕತ್ತೆತ್ತಿ ನಿಂತರೆ ಅಕ್ಕಪಕ್ಕದ ಮನೆಯವರಿಗೆ ಅನುಮಾನ ಬರುವುದು ಸಹಜ. ಹಿಂದಿನ ದಿನವೇ ಹೇಳಿಬಿಟ್ಟರೆ ಅವರೂ ಕುರ್ಚಿ ಹಾಕಿಕೊಂಡು ಬರುತ್ತಾರೆ.

ದಿನ, ಹೊತ್ತು, ಜನ

ಗಡಿಯಾರ ನೋಡಿ ಸಮಯ ಇಡಬೇಡಿ, ಸೂರ್ಯನನ್ನು ನೋಡಿ ಇಡಿ. ಬೆಂಗಳೂರಿನಲ್ಲಿ ಡಿಸೆಂಬರ್ ಆರಂಭದಲ್ಲಿ ಹೊತ್ತು ಮುಳುಗುವುದು ಆರಕ್ಕೆ ಸ್ವಲ್ಪ ಮುಂಚೆ. ಜೂನ್‌ನಲ್ಲಿ ಸುಮಾರು ಆರೂ ಮುಕ್ಕಾಲು. ಸಣ್ಣವು ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೇ ಹೊರಬರುತ್ತವೆ. ದೊಡ್ಡವು ಇನ್ನೊಂದಿಷ್ಟು ಕತ್ತಲು ಕಾಯುತ್ತವೆ. ಜನರನ್ನು ಸೂರ್ಯಾಸ್ತಕ್ಕಿಂತ ಮುಕ್ಕಾಲು ಗಂಟೆ ಮೊದಲೇ ಬರಲು ಹೇಳಿ. ನಮ್ಮವರು ಕಾಲು ಗಂಟೆ ತಡ ಮಾಡೇ ಮಾಡುತ್ತಾರೆ, ಅಲ್ವಾ? ಅದನ್ನೂ ಲೆಕ್ಕಕ್ಕೆ ಹಿಡಿದೇ ಹೇಳುತ್ತಿದ್ದೇನೆ.

ಜನ ಹದಿನೈದು, ಹೆಚ್ಚೆಂದರೆ ಇಪ್ಪತ್ತು. ಅದಕ್ಕಿಂತ ಜಾಸ್ತಿ ಆದರೆ ಹಿಂದಿನ ಸಾಲಿನವರು ಮೊಬೈಲ್ ತೆಗೆಯುತ್ತಾರೆ. ಜೋರು ಮಳೆಯ ದಿನ ಬೇಡ. ದೀಪಾವಳಿ ವಾರವೂ ಬೇಡ. ದೊಡ್ಡ ಬಾವಲಿಗಳು ಫೆಬ್ರವರಿಯಿಂದ ಮೇ ತನಕ ಮರಿ ಹಾಕುವ ಕಾಲ, ಆಗ ಮರದಿಂದ ಇನ್ನಷ್ಟು ದೂರ ನಿಲ್ಲಿ. ಒಂದು ನೆಪ ಬೇಕು ಅಂದರೆ ಏಪ್ರಿಲ್ 17ರಂದು ಬಾವಲಿ ಮೆಚ್ಚುಗೆ ದಿನ ಇದೆ. ಆಗಸ್ಟ್ ಕೊನೆಯ ವಾರಾಂತ್ಯದಲ್ಲಿ ಅಂತರರಾಷ್ಟ್ರೀಯ ಬಾವಲಿ ರಾತ್ರಿ ಮಾಡುತ್ತಾರೆ. ಆದರೆ ಆಗಸ್ಟ್ ಮಲೆನಾಡಿನಲ್ಲಿ ಛತ್ರಿ ಹಿಡಿದೇ ಕಳೆಯುವ ತಿಂಗಳು. ಅಲ್ಲಿಯವರು ನವೆಂಬರ್ ನಂತರ ಇಟ್ಟುಕೊಳ್ಳುವುದು ವಾಸಿ.

ಚೀಲದಲ್ಲಿ ಏನಿರಬೇಕು

ಹಳೇ ಕಪ್ಪು ಛತ್ರಿ. ಒಂದು ರೂಪಾಯಿ ನಾಣ್ಯ. ಒಂದು ಕಿಲೋ ಸಕ್ಕರೆ ಪಾಕೆಟ್. ನಾಲ್ಕು ಅಡಿ ಹಗ್ಗ. ಎರಡು ಟಾರ್ಚ್, ಬಾಯಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು. ಕೆಂಪು ಬೆಳಕು ಬಾವಲಿಗೆ ಅಷ್ಟಾಗಿ ತೊಂದರೆ ಕೊಡುವುದಿಲ್ಲ, ನಮ್ಮ ಕಣ್ಣೂ ಕತ್ತಲಿಗೆ ಹೊಂದಿಕೊಂಡೇ ಇರುತ್ತದೆ. ಒಂದು ಹಿಡಿ ಬೆಣಚುಕಲ್ಲು, ಯಾಕೆ ಅಂತ ಆಮೇಲೆ ಹೇಳುತ್ತೇನೆ. ಹಿಂದಿನ ಬೆಳಿಗ್ಗೆ ಮರದ ಕೆಳಗೆ ಕಡ್ಡಿಯಿಂದ ಎತ್ತಿ ಡಬ್ಬಿಗೆ ಹಾಕಿಕೊಂಡ ನಾರಿನ ಉಂಡೆಗಳು. ಇವನ್ನು ಯಾರೂ ಕೈಯಲ್ಲಿ ಮುಟ್ಟುವುದಿಲ್ಲ, ಮುಚ್ಚಿದ ಡಬ್ಬಿಯ ಹೊರಗಿನಿಂದ ನೋಡುತ್ತಾರೆ ಅಷ್ಟೆ.

ಬ್ಯಾಟ್ ಡಿಟೆಕ್ಟರ್ ಸಿಕ್ಕರೆ ಅದೃಷ್ಟ. ನಮ್ಮ ಕಿವಿಗೆ ಕೇಳುವುದು ಸುಮಾರು 20 ಕಿಲೋಹರ್ಟ್ಜ್ ತನಕ. ಹುಳು ತಿನ್ನುವ ಬಾವಲಿಗಳು ಕೂಗಿ, ಆ ಕೂಗು ಹುಳುವಿಗೆ ತಾಗಿ ಮರಳುವ ಸದ್ದಿನಿಂದ ಬೇಟೆ ಹುಡುಕುತ್ತವೆ. ಬಹುಪಾಲು ಕೂಗುವುದು 20ಕ್ಕಿಂತ ಮೇಲೆ. ಈ ಪೆಟ್ಟಿಗೆ ಆ ಕೂಗನ್ನು ನಮ್ಮ ಕಿವಿಯ ಮಟ್ಟಕ್ಕೆ ಇಳಿಸುತ್ತದೆ. ಬೆಲೆ ಜಾಸ್ತಿ, ಸುಮ್ನೆ ಕೊಳ್ಳಲು ಹೋಗಬೇಡಿ. ಹತ್ತಿರದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಇಲ್ಲದಿದ್ದರೂ ಕಾರ್ಯಕ್ರಮ ನಿಲ್ಲುವುದಿಲ್ಲ.

ಮೊದಲ ಕಾಲು ಗಂಟೆ ನೀವು ಬಾಯಿ ಬಿಡಬೇಡಿ

ನಾನು ಜಾಸ್ತಿ ಎಡವಿದ್ದು ಇಲ್ಲೇ. ಜನ ಬರುವಾಗ ಖಾಲಿ ತಲೆಯಲ್ಲಿ ಬಂದಿರುವುದಿಲ್ಲ. ಅಜ್ಜಿ ಹೇಳಿದ್ದು, ವಾಟ್ಸಾಪ್ ಹೇಳಿದ್ದು ಎಲ್ಲ ತುಂಬಿಕೊಂಡೇ ಬಂದಿರುತ್ತಾರೆ. ಅದು ಹೊರಗೆ ಬರುವ ತನಕ ನೀವು ಹೇಳುವುದಕ್ಕೆ ಒಳಗೆ ಜಾಗ ಇರುವುದಿಲ್ಲ.

ಅದಕ್ಕೆ ಎರಡೇ ಪ್ರಶ್ನೆ ಕೇಳಿ. "ನಿಮ್ಮೂರಲ್ಲಿ ಇದಕ್ಕೆ ಏನಂತಾರೆ?" ಬಾವಲಿ, ಬಾವುಲಿ, ತೊಗಲುಬಾವಲಿ, ತೊಗಲಹಕ್ಕಿ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎರಡನೆಯದು: "ಇದರ ಬಗ್ಗೆ ಏನು ಕೇಳಿದ್ದೀರಿ?" ಆಮೇಲೆ ಸುಮ್ಮನಿರಿ. ಯಾರು ಏನೇ ಹೇಳಲಿ, ನಗಬೇಡಿ, ತಿದ್ದಬೇಡಿ.

ಮನೆಯೊಳಗೆ ಬಂದರೆ ಅಪಶಕುನ. ಕೂದಲಿಗೆ ಸಿಕ್ಕಿಕೊಂಡರೆ ಬಿಡಿಸೋಕೆ ಆಗಲ್ಲ. ಕಣ್ಣು ಕಾಣಲ್ಲ. ರಕ್ತ ಕುಡಿಯುತ್ತೆ. ಮಾಂಸ ತಿಂದರೆ ಉಬ್ಬಸ ವಾಸಿ ಆಗುತ್ತೆ. ಇವೆಲ್ಲ ಬಂದೇ ಬರುತ್ತವೆ. ಒಂದು ಸಲ ಒಬ್ಬ ಅಜ್ಜಿ ಗಾದೆಯನ್ನೇ ಹೇಳಿದರು: "ಬಾವಲಿ ಮನೆಗೆ ನೆಂಟ ಹೋದ್ರೆ ಏನಪ್ಪಾ ಸಿಗುತ್ತೆ? ನಾನೂ ಜೋತುಬೀಳ್ತೀನಿ, ನೀನೂ ಜೋತುಬೀಳು, ಅಷ್ಟೆ." ಎಲ್ಲರೂ ನಕ್ಕರು. ನಾನು ಹತ್ತು ನಿಮಿಷ ಮಾತಾಡಿದ್ದರೂ ಅಷ್ಟು ಬಿಗಿ ಸಡಿಲ ಆಗುತ್ತಿರಲಿಲ್ಲ.

ಯಾರಾದರೂ ಒಬ್ಬರು ನಾಚಿಕೊಂಡು "ಬಾವಲಿ ತಿನ್ನೋ ಬಾಯಲ್ಲೇ ಹೇಲುತ್ತಂತೆ" ಅಂತಲೂ ಹೇಳುತ್ತಾರೆ. ಹೇಳಿದ ಕೂಡಲೇ ಡಬ್ಬಿ ತೆಗೆಯಿರಿ. ಹಣ್ಣು ಬಾವಲಿ ಹಣ್ಣನ್ನು ಜಗಿದು, ಅಂಗುಳಕ್ಕೆ ಒತ್ತಿ ರಸ ಹೀರಿಕೊಂಡು, ಉಳಿದ ನಾರನ್ನು ಉಂಡೆ ಮಾಡಿ ಉಗುಳುತ್ತದೆ. ಹಾರುವುದಕ್ಕೆ ಹೊಟ್ಟೆ ಹಗುರ ಇರಬೇಕಲ್ಲ! ಬಾಯಿಂದ ಬೀಳುವ ಆ ಉಂಡೆಯನ್ನು ನೋಡಿದವರು ಹಾಗೆ ತಿಳಿದುಕೊಂಡಿದ್ದಾರೆ. ನಿಜವಾಗಿ ದೊಡ್ಡ ಬಾವಲಿ ಉಚ್ಚೆ, ಹಿಕ್ಕೆ ಮಾಡುವಾಗ ಹೆಬ್ಬೆರಳಿನ ಕೊಕ್ಕೆಯಿಂದ ಕೊಂಬೆ ಹಿಡಿದು, ತಲೆ ಮೇಲೆ ಮಾಡಿಕೊಂಡು ನೇತಾಡುತ್ತದೆ. ಮುಗಿಸಿ ಮತ್ತೆ ತಲೆಕೆಳಗಾಗುತ್ತದೆ. ದುರ್ಬೀನಿನಲ್ಲಿ ಇದನ್ನೊಮ್ಮೆ ನೋಡಿದ ಮಕ್ಕಳು ವಾರವಿಡೀ ಅದನ್ನೇ ಮಾತಾಡುತ್ತಾರೆ. ಜನರ ನಂಬಿಕೆಯಲ್ಲಿ ಅರ್ಧ ಕಣ್ಣಾರೆ ಕಂಡದ್ದು ಇರುತ್ತದೆ. ಆ ಅರ್ಧದಿಂದ ಶುರು ಮಾಡಿದರೆ ಅವರು ನಿಮ್ಮ ಜೊತೆ ಬರುತ್ತಾರೆ.

ರಕ್ತ ಕುಡಿಯುವ ಬಾವಲಿಗಳು ಇರುವುದು ಮೂರೇ ಜಾತಿ. ಮೂರೂ ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದವರೆಗಿನ ಪ್ರದೇಶದಲ್ಲಿವೆ. ಒಂದೂ ನಮ್ಮ ದೇಶದಲ್ಲಿಲ್ಲ. ಕಣ್ಣು ಎಲ್ಲಕ್ಕೂ ಕಾಣುತ್ತದೆ. ದೊಡ್ಡ ಹಣ್ಣು ಬಾವಲಿಯಂತೂ ಕಣ್ಣು ಮತ್ತು ಮೂಗನ್ನೇ ನಂಬಿ ಬದುಕುವುದು. ಉಳಿದ ನಂಬಿಕೆಗಳಿಗೆ ಉತ್ತರ ಅಲ್ಲೇ ಕೊಡಬೇಡಿ, ಮುಂದೆ ತಾನಾಗಿಯೇ ಸಿಗುತ್ತದೆ.

ಛತ್ರಿ ಬಿಚ್ಚಿ

ಈಗ ಐದು ನಿಮಿಷದ ಪಾಠ. ಛತ್ರಿ ಅರ್ಧ ಬಿಚ್ಚಿ ಹಿಡಿಯಿರಿ. ಕಡ್ಡಿಗಳು ಬೆರಳು, ಬಟ್ಟೆ ತೊಗಲು. ಹಕ್ಕಿಯ ರೆಕ್ಕೆಯಲ್ಲಿ ಇರುವುದು ಗರಿ, ಬಾವಲಿಯ ರೆಕ್ಕೆ ಅಂದರೆ ಕೈ. ನಾಲ್ಕು ಬೆರಳು ಉದ್ದವಾಗಿ ಬೆಳೆದು ನಡುವೆ ತೊಗಲು ಹರಡಿಕೊಂಡಿದೆ, ಹೆಬ್ಬೆರಳು ಮಾತ್ರ ಹೊರಗೆ ಕೊಕ್ಕೆಯ ಹಾಗೆ. ಎಲ್ಲರೂ ತಮ್ಮ ಕೈ ಚಾಚಿ, ಬೆರಳು ಅಗಲಿಸಿ ನೋಡಲಿ. ನಿಜವಾಗಿ ಹಾರುವ ಸಸ್ತನಿ ಇದೊಂದೇ. ಹಾರುವ ಅಳಿಲು ತೇಲುತ್ತದೆ, ಹಾರುವುದಿಲ್ಲ.

ಆಮೇಲೆ ಒಂದು ರೂಪಾಯಿ ನಾಣ್ಯವನ್ನು ಒಬ್ಬ ಹುಡುಗಿಯ ಅಂಗೈಯಲ್ಲಿಡಿ. ನಮ್ಮ ಮನೆ ಸಂದಿಗಳಲ್ಲಿ ಇರುವ ಪುಟಾಣಿ ಬಾವಲಿಯ ತೂಕ ಹೆಚ್ಚುಕಡಿಮೆ ಅಷ್ಟೇ. ಇನ್ನೊಂದು ಕೈಗೆ ಸಕ್ಕರೆ ಪಾಕೆಟ್. ದೊಡ್ಡ ಹಣ್ಣು ಬಾವಲಿ ಅದಕ್ಕಿಂತಲೂ ಭಾರ ಇರಬಹುದು. ಹಗ್ಗ ಎಳೆದು ಹಿಡಿಯಿರಿ, ಅದರ ರೆಕ್ಕೆಯ ಹರವು ಅಷ್ಟಿದೆ. ಇಷ್ಟಾದ ಮೇಲೆ ಒಂದೇ ಮಾತು ಸೇರಿಸಿ: ಬಹುಪಾಲು ಬಾವಲಿಗಳು ವರ್ಷಕ್ಕೆ ಒಂದೇ ಮರಿ ಹಾಕುತ್ತವೆ. ಇಲಿಯ ಹಾಗೆ ಸತ್ತಷ್ಟು ಬೇಗ ಹುಟ್ಟುವುದಿಲ್ಲ.

ಆ ಇಪ್ಪತ್ತು ನಿಮಿಷ

ಸೂರ್ಯ ಮುಳುಗಿತು. ಮೊಬೈಲ್ ಜೇಬಿಗೆ. ಎಲ್ಲರೂ ಮರಕ್ಕೆ ಮುಖ ಮಾಡಿ, ಆದಷ್ಟು ಪಶ್ಚಿಮದ ಬೆಳಕಿನ ಕಡೆ ಕಣ್ಣಿಟ್ಟು ಕೂರಲಿ. ಕತ್ತಲ ಮರದ ಮುಂದೆ ಬಾವಲಿ ಕಾಣುವುದಿಲ್ಲ, ಕೆಂಪು ಆಕಾಶದ ಮುಂದೆ ಕಾಣುತ್ತದೆ.

ಎಣಿಸುವ ಕೆಲಸ ಕೊಡಿ. ಆಕಾಶವನ್ನು ಮನಸ್ಸಿನಲ್ಲೇ ನಾಲ್ಕು ಹೋಳು ಮಾಡಿ, ಒಂದೊಂದು ಹೋಳಿಗೆ ಇಬ್ಬಿಬ್ಬರು. ಒಬ್ಬರು ಎಣಿಸುತ್ತಾರೆ, ಹತ್ತಾದಾಗಲೆಲ್ಲ ಇನ್ನೊಬ್ಬರು ಒಂದು ಬೆಣಚುಕಲ್ಲು ಪಕ್ಕಕ್ಕಿಡುತ್ತಾರೆ. ಕೆಲಸ ಇಲ್ಲದಿದ್ದರೆ ಜನ ಪಿಸುಗುಟ್ಟುತ್ತಾರೆ, ಕೆಲಸ ಕೊಟ್ಟರೆ ಉಸಿರು ಹಿಡಿದು ನೋಡುತ್ತಾರೆ. ಬಾವಲಿ ತಲೆಯ ಮೇಲೆಯೇ ಹಾದುಹೋದಾಗ ಯಾರ ಕೂದಲಿಗೂ ಸಿಕ್ಕಿಕೊಳ್ಳಲಿಲ್ಲ ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಡಿಟೆಕ್ಟರ್ ಇದ್ದರೆ ಕೆರೆ ದಡದಲ್ಲಿ 45 ಕಿಲೋಹರ್ಟ್ಜ್ ಆಸುಪಾಸಿಗೆ ತಿರುಗಿಸಿ ಹಿಡಿಯಿರಿ. ಮೊದಲು ಬರೀ ಗೊರಗೊರ. ಆಮೇಲೆ ದೂರದಿಂದ ಟಪ್... ಟಪ್... ಟಪ್. ಹತ್ತಿರ ಬಂದ ಹಾಗೆ ಟಪ್‌ಟಪ್‌ಟಪ್. ಇದ್ದಕ್ಕಿದ್ದಂತೆ ಬಟ್ಟೆ ಹರಿದ ಹಾಗೆ ಟ್ರ್ರ್ರ್ರ್ ಅಂತ ಒಂದು ಸದ್ದು, ಮತ್ತೆ ಮೌನ. ಹುಳುವಿನ ಮೇಲೆ ಬಿದ್ದ ಗಳಿಗೆ ಅದು. ಮೇಲೆ ನೋಡಿದರೆ ಬಾವಲಿ ಪಲ್ಟಿ ಹೊಡೆಯುತ್ತಿರುತ್ತದೆ. ಮಾತೇ ಬೇಡ, ಸುಮ್ನೆ ಬೆರಳು ತೋರಿಸಿ.

ನನ್ನ ಒಂದು ತಪ್ಪು ಹೇಳಿಬಿಡುತ್ತೇನೆ. ಒಂದು ಸಲ ಫೋಟೋ ಚೆನ್ನಾಗಿ ಬರಲಿ ಅಂತ ಯಾರೋ ಬಿಳಿ ಟಾರ್ಚ್ ಹಾಕಿದರು, ನಾನೂ ತಡೆಯಲಿಲ್ಲ. ಹಗಲಿನ ಜಾಗದಲ್ಲಿ ಇನ್ನೂ ಹೊರಡದೆ ಕೂತಿದ್ದ ಬಾವಲಿಗಳು ಒಟ್ಟಿಗೆ ಎದ್ದವು. ಒಂದು ತಾಯಿ ಎದೆಗೆ ಮರಿ ಕಚ್ಚಿಕೊಂಡೇ ಮೂರು ಸುತ್ತು ಹಾಕಿ ಬೇರೆ ಮರಕ್ಕೆ ಹೋಯಿತು. ಅವತ್ತಿನಿಂದ ಬರುವವರ ಬಿಳಿ ಟಾರ್ಚುಗಳನ್ನೆಲ್ಲ ಶುರುವಿನಲ್ಲೇ ಒಂದು ಬುಟ್ಟಿಗೆ ಹಾಕಿಸಿಕೊಳ್ಳುತ್ತೇನೆ.

ನಿಫಾ ಪ್ರಶ್ನೆ ಬಂದಾಗ

ಬಂದೇ ಬರುತ್ತದೆ. ಬರದಿದ್ದರೆ ನೀವೇ ಎತ್ತಿ. ಇದನ್ನು ಮುಚ್ಚಿಟ್ಟರೆ ಉಳಿದ ಮಾತನ್ನೂ ಜನ ನಂಬುವುದಿಲ್ಲ, ನಂಬಬಾರದು ಕೂಡ.

ನಿಜ ಇಷ್ಟು. ದೊಡ್ಡ ಹಣ್ಣು ಬಾವಲಿಗಳ ಮೈಯಲ್ಲಿ ನಿಫಾ ವೈರಸ್ ಇರಬಲ್ಲದು. 2018ರಲ್ಲಿ ಪಕ್ಕದ ಕೇರಳದಲ್ಲಿ 17 ಜನ ಸತ್ತರು. ಬಾಂಗ್ಲಾದೇಶದಲ್ಲಿ ಬಾಯಿ ಮುಚ್ಚದ ಮಡಕೆಯ ಹಸಿ ಖರ್ಜೂರದ ರಸದಿಂದ ಕಾಯಿಲೆ ಬಂದದ್ದು ಪದೇ ಪದೇ ಕಂಡಿದೆ. ಅದಕ್ಕೆ ಮಾಡಬೇಕಾದ್ದು: ಪ್ರಾಣಿ ಕಚ್ಚಿದ, ನೆಲಕ್ಕೆ ಬಿದ್ದ ಹಣ್ಣು ತಿನ್ನಬೇಡಿ. ಉಳಿದದ್ದನ್ನು ತೊಳೆದು, ಸಿಪ್ಪೆ ತೆಗೆದು ತಿನ್ನಿ. ಬಾಯಿ ಮುಚ್ಚದ ಮಡಕೆಯ ನೀರಾ ಕುಡಿಯಬೇಡಿ. ಬಾವಲಿ ಕೂರುವ ಮರದ ಕೆಳಗಿನ ಬಾವಿಗೆ ಬಲೆ ಹಾಕಿ. ಸತ್ತ, ಬಿದ್ದ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗಿ.

"ಹಾಗಾದರೆ ಮರ ಕಡಿದುಬಿಟ್ಟರೆ?" ಅಂತ ಕೇಳುತ್ತಾರೆ. ಆಸ್ಟ್ರೇಲಿಯಾದ ಕಥೆ ಹೇಳಿ. ಅಲ್ಲಿ ಹೆಂಡ್ರಾ ಅಂತ ಇದೇ ಜಾತಿಯ ಇನ್ನೊಂದು ವೈರಸ್ ಇದೆ. ಕಾಡು ಕರಗಿ, ಹೂವು ಸಿಗದೆ, ಹಸಿದ ಬಾವಲಿಗಳು ಊರು ಸೇರಿದ ಕಾಲದಲ್ಲೇ ಅದು ಕುದುರೆಗಳಿಗೆ ಜಾಸ್ತಿ ಹರಡಿತು. ಮರ ಕಡಿದರೆ ಬಾವಲಿ ಮಾಯ ಆಗುವುದಿಲ್ಲ, ಇನ್ನೊಂದು ಬೀದಿಗೆ ಹೋಗುತ್ತದೆ ಅಷ್ಟೆ. ನಿಮ್ಮ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆ ಎಚ್ಚರಿಕೆ ಕೊಟ್ಟಿರುವಾಗ ಮಾತ್ರ ಕಾರ್ಯಕ್ರಮವನ್ನೇ ಮುಂದೂಡಿ. ಅದರಲ್ಲಿ ಮರ್ಯಾದೆ ಪ್ರಶ್ನೆ ಏನೂ ಇಲ್ಲ.

ತೋಟದವರ ಮುಂದೆ ಬಡಾಯಿ ಬೇಡ

ಸೀಬೆ, ಸಪೋಟ, ದ್ರಾಕ್ಷಿ ಬೆಳೆಯುವವರಿಗೆ "ಬಾವಲಿ ರೈತಮಿತ್ರ" ಅಂತ ಹೇಳಿ ನೋಡಿ, ಎದ್ದು ಹೋಗುತ್ತಾರೆ. ಅವರ ನಷ್ಟ ನಿಜ. ಮೊದಲು ಅದನ್ನು ಒಪ್ಪಿಕೊಳ್ಳಿ. ಗೊಂಚಲಿಗೆ ಚೀಲ ಕಟ್ಟುವುದು, ಬಲೆ ಹಾಕುವುದಾದರೆ ಸಣ್ಣ ಕಣ್ಣಿನದನ್ನು ಬಿಗಿಯಾಗಿ ಎಳೆದು ಕಟ್ಟುವುದು, ಇಂಥದ್ದನ್ನು ಮಾತಾಡಿ. ಸಡಿಲ ಬಲೆಯಲ್ಲಿ ಬಾವಲಿ, ಗೂಬೆ, ಹಾವು ಎಲ್ಲ ಸಿಕ್ಕಿ ಸಾಯುತ್ತವೆ, ಬಲೆಯೂ ಹಾಳು.

ಅಡಿಕೆ, ಗೇರು ತೋಟದವರ ಮಾತೇ ಬೇರೆ. ಬಾವಲಿ ಮೇಲಿನ ತಿರುಳನ್ನು ತಿಂದು ಬೀಳಿಸಿದ ಅಡಿಕೆ, ಗೇರುಬೀಜವನ್ನು ಬೆಳಿಗ್ಗೆ ಆರಿಸಿ ತಂದ ನೆನಪು ಮನೆಯ ಹಿರಿಯರಿಗೆ ಇರುತ್ತದೆ. ಅವರ ಬಾಯಲ್ಲೇ ಹೇಳಿಸಿ.

ಇನ್ನೊಂದು. "ಒಂದು ಬಾವಲಿ ಗಂಟೆಗೆ ಸಾವಿರ ಸೊಳ್ಳೆ ತಿನ್ನುತ್ತದೆ" ಅನ್ನುವ ಮಾತನ್ನು ದಯವಿಟ್ಟು ಬಿಡಿ. ಅದು ಅಮೆರಿಕದಲ್ಲಿ ಮುಚ್ಚಿದ ಕೋಣೆಯೊಳಗೆ ಸೊಳ್ಳೆ ಬಿಟ್ಟು ಮಾಡಿದ ಪ್ರಯೋಗದಿಂದ ಹಿಗ್ಗಿಸಿದ ಲೆಕ್ಕ. ಬಯಲಿನಲ್ಲಿ ಬಾವಲಿ ಪತಂಗ, ಜೀರುಂಡೆ, ಗೆದ್ದಲ ಹುಳು, ಜಿಗಿಹುಳು ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ. ಭತ್ತದವರಿಗೆ ಜಿಗಿಹುಳು ಅಂದರೆ ಸಾಕು, ಅರ್ಥ ಆಗುತ್ತದೆ. ಸೊಳ್ಳೆ ಕಡಿಮೆಯಾಗುತ್ತದೆ ಅಂತ ನೀವು ಭರವಸೆ ಕೊಟ್ಟು, ಆ ರಾತ್ರಿಯೇ ಅವರಿಗೆ ಸೊಳ್ಳೆ ಕಚ್ಚಿದರೆ?

ಕಾನೂನಿನ ಪ್ರಶ್ನೆಗೆ ಎರಡು ಸಾಲು. 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ಬಾವಲಿಗಳು ಇಲಿ, ಹೆಗ್ಗಣ, ಕಾಗೆಗಳ ಜೊತೆ ಪೀಡೆ ಪ್ರಾಣಿಗಳ ಪಟ್ಟಿಯಲ್ಲಿದ್ದವು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯಿತು.

ಮಕ್ಕಳಿಗೆ ಒಂದು ಆಟ

ಹತ್ತು ಮಕ್ಕಳು ಕೈ ಹಿಡಿದು ದುಂಡಗೆ ನಿಲ್ಲಲಿ. ನಡುವೆ ಒಬ್ಬ ಬಾವಲಿ, ಕಣ್ಣಿಗೆ ಟವೆಲ್. ಇಬ್ಬರು ಪತಂಗ. ಬಾವಲಿ "ಬಾವಲಿ!" ಅಂತ ಕೂಗಿದಾಗಲೆಲ್ಲ ಪತಂಗಗಳು "ಪತಂಗ!" ಅನ್ನಲೇಬೇಕು. ಸದ್ದು ಹಿಡಿದು ಬಾವಲಿ ಅವರನ್ನು ಮುಟ್ಟಬೇಕು. ನಮ್ಮ ಕಣ್ಣಾಮುಚ್ಚಾಲೆಯೇ, ಸ್ವಲ್ಪ ತಿರುಗಿಸಿದ್ದು. ಎರಡು ಸುತ್ತು ಆದ ಮೇಲೆ ಗಮನಿಸಿ: ಪತಂಗ ಹತ್ತಿರ ಬಂದಿದೆ ಅನಿಸಿದ ಕೂಡಲೇ ಬಾವಲಿ ಬಡಬಡ ಕೂಗಲು ಶುರು ಮಾಡುತ್ತದೆ. ಡಿಟೆಕ್ಟರಿನ ಟ್ರ್ರ್ರ್ರ್ ಸದ್ದೂ ಇದೇ! ಇದನ್ನು ಸಂಜೆ ಶುರುವಿನಲ್ಲೇ ಆಡಿಸಿ. ಕತ್ತಲಾದ ಮೇಲೆ ಬೇಡ, ಯಾರಾದರೂ ಎಡವಿ ಬೀಳುತ್ತಾರೆ.

ವಾಪಸ್ ನಡೆಯುವಾಗ ಹೇಳುವ ಕಥೆ

ನಮ್ಮ ರಾಜ್ಯದ್ದೇ ಒಂದು ಕಥೆ ಇರಲಿ. ನಾನು ಹೇಳುವುದು ಕೋಲಾರದ ಎಲೆಮೂಗಿನ ಬಾವಲಿಯದ್ದು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ ಈಗ ಅದು ಉಳಿದಿರುವುದು, ಇನ್ನೂರಕ್ಕಿಂತ ಕಡಿಮೆ. ಸುತ್ತ ಗ್ರಾನೈಟ್ ಬಂಡೆ. ಗಣಿ ಸಿಡಿಮದ್ದು ಗುಹೆಯ ಬಾಗಿಲಿಗೇ ಬಂದಿತ್ತು. ಹುಲಿ ಎಷ್ಟಿವೆ ಅಂತ ಎಲ್ಲರಿಗೂ ಗೊತ್ತು, ಇದರ ಹೆಸರು ಜಿಲ್ಲೆಯವರಿಗೇ ಗೊತ್ತಿರಲಿಲ್ಲ. 2016ರಲ್ಲಿ ಇದನ್ನು ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. ಬ್ಯಾಟ್ ಕನ್ಸರ್ವೇಶನ್ ಇಂಡಿಯಾ ಟ್ರಸ್ಟ್‌ನವರು ಅರಣ್ಯ ಇಲಾಖೆಯ ಜೊತೆ ಸೇರಿ ಕೆಲಸ ಮಾಡಿದ ಮೇಲೆ ಗುಹೆಯ ಸುತ್ತಲ ಜಾಗಕ್ಕೆ ರಕ್ಷಣೆ ಸಿಕ್ಕಿತು. ಬೆಳಗಾವಿ ಕಡೆಯವರಾದರೆ ಬಾರಾಪೇಡೆ ಗುಹೆಯ ರಾಟನ್ಸ್ ಬಾವಲಿ ಕಥೆ ಹೇಳಿ. ಆದರೆ ಎರಡೂ ಕಡೆ ನೋಡಲು ಹೋಗೋಣ ಅಂತ ಮಾತ್ರ ಅನ್ನಬೇಡಿ.

ಮನೆಗೆ ಹೋಗುವಾಗ ಒಂದು ಚೀಟಿ

ಇದನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಜೆರಾಕ್ಸ್ ಮಾಡಿಸಿ ಕೊಡಿ. ಬಾವಲಿ ಮನೆಯೊಳಗೆ ಬಂದರೆ ಫ್ಯಾನ್ ಆರಿಸಿ. ಒಳಗಿನ ಬಾಗಿಲು ಹಾಕಿ, ಹೊರಗಿನ ಕಿಟಕಿ, ಬಾಗಿಲು ಪೂರ್ತಿ ತೆಗೆಯಿರಿ. ದೀಪ ಆರಿಸಿ ಹೊರಗೆ ಬನ್ನಿ. ಪೊರಕೆ ಬೀಸಬೇಡಿ. ಹೆಚ್ಚಿನ ಸಲ ತಾನೇ ಹೋಗುತ್ತದೆ. ನೆಲಕ್ಕೆ ಬಿದ್ದಿದ್ದರೆ ದಪ್ಪ ಕೈಗವಸು ಹಾಕಿಕೊಂಡು, ತೂತು ಮಾಡಿದ ರಟ್ಟಿನ ಡಬ್ಬಿ ಮುಚ್ಚಿ, ಕತ್ತಲಲ್ಲಿಟ್ಟು ವನ್ಯಜೀವಿ ರಕ್ಷಣೆಯವರನ್ನು ಕರೆಯಿರಿ. ಬಹಳಷ್ಟು ಬಾವಲಿಗಳಿಗೆ ನೆಲದಿಂದ ಎದ್ದು ಹಾರಲು ಆಗುವುದಿಲ್ಲ. ಅಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ.

ಒಂದು ನೋಟ್‌ಬುಕ್ ಇಡಿ

ಒಂದೇ ಸಂಜೆಗೆ ನಿಲ್ಲಿಸಿದರೆ ಅದು ಪಿಕ್ನಿಕ್. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಎಣಿಸಿ. ನಾಲ್ಕು ಕಾಲಂ ಸಾಕು: ದಿನಾಂಕ, ಮೊದಲ ಬಾವಲಿ ಹೊರಟ ಹೊತ್ತು, ಎಣಿಕೆ, ಮೋಡ ಅಥವಾ ಮಳೆ. ನಮ್ಮ ನೋಟ್‌ಬುಕ್ ಇರುವುದು ಮರದ ಎದುರಿನ ಟೀ ಅಂಗಡಿಯಲ್ಲಿ, ಬಿಸ್ಕೆಟ್ ಡಬ್ಬಿಯ ಹಿಂದೆ. ನಾನು ಹೋಗದ ತಿಂಗಳಲ್ಲೂ ಯಾರೋ ಬರೆದಿರುತ್ತಾರೆ. ಹೋದ ಸಲ ತೆಗೆದು ನೋಡಿದರೆ ಐದನೇ ಕಾಲಂ ಒಂದು ಹುಟ್ಟಿಕೊಂಡಿತ್ತು, ಪೆನ್ಸಿಲ್ಲಿನಲ್ಲಿ. ಮೇಲೆ ಬರೆದಿದ್ದರು: "ಯಾವ ಕಡೆ ಹೋದವು?"